ಮಿಕ್ಸಿ ಬಿಚ್ಚುವ ಮೊದಲು ಪ್ಲಗ್ ಕೀಳಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನ್ ಕೆಟ್ಟ ಕೂಡಲೇ ಸ್ಕ್ರೂಡ್ರೈವರ್ ಹುಡುಕುವವರು ಇರುತ್ತಾರಲ್ಲ, ಇವತ್ತಿನ ಮಾತು ಅವರಿಗೆ. ಅವರ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯುವ ಮಕ್ಕಳಿಗೂ, "ಬೇಡ ರೀ, ಅಂಗಡಿಗೆ ಕೊಡಿ" ಎನ್ನುವ ಅಮ್ಮಂದಿರಿಗೂ.

ರಿಪೇರಿ ಮಾಡಲೇಬೇಡಿ ಎಂದು ಹೇಳಲು ನಾನು ಬಂದಿಲ್ಲ. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಸುವವನು. ತನ್ನ ಕೈಯಾರೆ ಒಂದು ವಸ್ತು ಸರಿಮಾಡುವವರನ್ನು ಕಂಡರೆ ನನಗೆ ಖುಷಿ. ಆದರೆ ಒಂದು ಮಾತು ಮಾತ್ರ ನೀವು ಕೇಳಲೇಬೇಕು. ಬಿಚ್ಚುವ ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು, ಅದನ್ನು ಕಣ್ಣಿಗೆ ಕಾಣುವ ಹಾಗೆ ನಿಮ್ಮ ಮುಂದೆ ಇಟ್ಟುಕೊಳ್ಳಿ. ಆಮೇಲೆ ಸ್ಕ್ರೂ ಮುಟ್ಟಿ.

"ಇಷ್ಟು ಹೇಳೋಕೆ ರೇಡಿಯೋಗೆ ಬರಬೇಕಿತ್ತಾ?" ಎಂದು ಕೆಲವರಿಗೆ ಅನ್ನಿಸಬಹುದು. ಬರಬೇಕಿತ್ತು. ಯಾಕೆಂದರೆ ಯಾರೂ ಕೀಳುವುದಿಲ್ಲ. ಓದಿದವರೂ ಕೀಳುವುದಿಲ್ಲ. ಸ್ವಿಚ್ ಆಫ್ ಇದೆಯಲ್ಲ ಎಂದುಕೊಳ್ಳುತ್ತಾರೆ. ಒಂದು ಮನೆಯ ವಿಷಯ ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ಒಬ್ಬರು ಮೇಷ್ಟ್ರಿದ್ದಾರೆ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಬಹಳ ಜಾಗ್ರತೆಯ ಮನುಷ್ಯ. ಯುಗಾದಿ ಹಬ್ಬದ ಬೆಳಿಗ್ಗೆ ಅವರ ಮನೆಯಲ್ಲಿ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದರು. ಬೇಯಿಸಿದ ಕಡಲೆಬೇಳೆ, ಬೆಲ್ಲ, ಗಟ್ಟಿ ಹೂರಣ. ಜಾರ್ ತುಂಬಾ ಹಾಕಿದ್ದರು. ಮಿಕ್ಸಿ ಗುರ್ ಎಂದು ಒದ್ದಾಡಿ ನಿಂತುಹೋಯಿತು. ಹಬ್ಬದ ದಿನ ಅಂಗಡಿ ಯಾರು ತೆಗೆದಿರುತ್ತಾರೆ? ಮೇಷ್ಟ್ರು ಬೋರ್ಡಿನ ಸ್ವಿಚ್ ಆಫ್ ಮಾಡಿದರು. ಮಿಕ್ಸಿಯನ್ನು ಕೆಳಗಿಳಿಸಿ ಅಡುಗೆಮನೆಯ ನೆಲದ ಮೇಲೆ ತಲೆಕೆಳಗು ಮಾಡಿದರು. ನೆಲ ಆಗಷ್ಟೇ ಒರೆಸಿದ್ದು, ಇನ್ನೂ ಒದ್ದೆ. ಮೇಷ್ಟ್ರು ಸ್ನಾನ ಮಾಡಿ, ಪಂಚೆ ಉಟ್ಟು, ಬರಿಗಾಲಲ್ಲಿ ಕೂತಿದ್ದಾರೆ. ಅಡಿಯ ರಬ್ಬರ್ ಬುಷ್‌ಗಳ ಸ್ಕ್ರೂ ತೆಗೆದರು, ತಳದ ಮುಚ್ಚಳ ಎತ್ತಿದರು. ಒಳಗೆ ಒಂದು ವೈರಿನ ತುದಿ ಕಪ್ಪಗಾಗಿತ್ತು. ಅದೇ ಇರಬೇಕು ಎಂದು ಬೆರಳಿಟ್ಟರು.

ಶಾಕ್ ಹೊಡೆಯಿತು. ಕೈ ಹಿಂದಕ್ಕೆ ಚಿಮ್ಮಿ ಮೊಣಕೈ ಅಡುಗೆ ಕಟ್ಟೆಯ ಅಂಚಿಗೆ ಬಡಿಯಿತು. ಕೈ ಚಿಮ್ಮಿದ್ದು ಪುಣ್ಯ. ಬೆರಳಿಡುವ ಬದಲು ವೈರನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ ಕೈ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಅವರ ಮಗ ಓಡಿಬಂದು ನನ್ನನ್ನು ಕರೆದ. ಹೋಗಿ ನೋಡಿದರೆ ಮೇಷ್ಟ್ರು ಕುರ್ಚಿಯಲ್ಲಿ ಕೂತು ಬೆವರುತ್ತಿದ್ದಾರೆ. "ಸ್ವಿಚ್ ಆಫ್ ಮಾಡಿದ್ದೆ ಕಣಯ್ಯ. ನನ್ನ ಕೈಯಾರೆ ಮಾಡಿದ್ದೆ." ಅವರ ಮನೆಯವರೂ ಹೇಳಿದರು, "ಹೌದಪ್ಪ, ನಾನೂ ನೋಡಿದೆ." ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಸ್ವಿಚ್ ಆಫ್ ಆಗಿಯೇ ಇತ್ತು. ನಾನು ಪ್ಲಗ್ ಕಿತ್ತು ಸಾಕೆಟ್ಟಿನ ಎಡಗಡೆಯ ತೂತಿಗೆ ಟೆಸ್ಟರ್ ಇಟ್ಟೆ. ಕೆಂಪಗೆ ಹೊತ್ತಿಕೊಂಡಿತು. "ಸ್ವಿಚ್ ನೋಡಿ ಮೇಷ್ಟ್ರೇ" ಎಂದೆ. ನೋಡಿದರು. ಆಫ್. ಆದರೆ ಟೆಸ್ಟರ್ ಉರಿಯುತ್ತಿದೆ. ಅವರ ಮುಖದ ಬಣ್ಣವೇ ಹೋಯಿತು.

ಏನಾಗಿತ್ತು ಅಂದರೆ, ಕರೆಂಟು ಹರಿಯಲು ಸಾಕೆಟ್ಟಿಗೆ ಎರಡು ವೈರ್ ಬರುತ್ತವೆ, ಫೇಸ್ ಮತ್ತು ನ್ಯೂಟ್ರಲ್. ಕರೆಂಟು ಬರುವುದು ಫೇಸ್‌ನಲ್ಲಿ, ಮರಳಿ ಹೋಗುವುದು ನ್ಯೂಟ್ರಲ್‌ನಲ್ಲಿ. ಎದುರು ನಿಂತು ನೋಡಿದರೆ ಫೇಸ್ ಬಲಗಡೆ, ನ್ಯೂಟ್ರಲ್ ಎಡಗಡೆ ಇರಬೇಕು, ಸ್ವಿಚ್ಚು ಫೇಸನ್ನು ಕಡಿಯಬೇಕು. ಆ ಮನೆಗೆ ಬಣ್ಣ ಹೊಡೆಸುವಾಗ ಬೋರ್ಡ್ ಬಿಚ್ಚಿ ಮತ್ತೆ ಕಟ್ಟಿದವರು ಎರಡನ್ನೂ ಅದಲುಬದಲು ಮಾಡಿದ್ದರು. ಸ್ವಿಚ್ಚು ಈಗ ನ್ಯೂಟ್ರಲನ್ನು ಕಡಿಯುತ್ತಿತ್ತು. ಗದ್ದೆಗೆ ನೀರು ಬರುವ ಮಡೆ ಕಟ್ಟುವ ಬದಲು, ನೀರು ಆಚೆ ಹೋಗುವ ಮಡೆ ಕಟ್ಟಿದ ಹಾಗೆ. ಹರಿಯುವುದು ನಿಂತಿತು ನಿಜ, ಆದರೆ ಗದ್ದೆ ತುಂಬಾ ನೀರಿದೆ. ಮಿಕ್ಸಿ ತಿರುಗುವುದಿಲ್ಲ, ಆದರೆ ಅದರ ಮೋಟರಿನ ಸುರುಳಿಯಲ್ಲೆಲ್ಲಾ 230 ವೋಲ್ಟ್ ಕಾದು ಕೂತಿದೆ. ನೀವು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕೂತು ಮುಟ್ಟಿದರೆ ನಿಮ್ಮ ಮೈ ಮೂಲಕವೇ ನೆಲಕ್ಕೆ ಹರಿಯುತ್ತದೆ.

ಇನ್ನೊಂದು ವಿಷಯ. ಆ ಮಿಕ್ಸಿ ಕೆಟ್ಟೇ ಇರಲಿಲ್ಲ! ಹೆಚ್ಚಿನ ಮಿಕ್ಸಿಗಳ ಅಡಿಯಲ್ಲಿ ಒಂದು ಚಿಕ್ಕ ಬಟನ್ ಇರುತ್ತದೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಲೋಡ್ ಜಾಸ್ತಿಯಾದರೆ ಮೋಟರ್ ಸುಡದಿರಲಿ ಎಂದು ಅದು ತಾನೇ ಹೊರಗೆ ಬಂದು ಕರೆಂಟ್ ನಿಲ್ಲಿಸುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಆರಲು ಬಿಟ್ಟು, ಹೂರಣ ಅರ್ಧ ತೆಗೆದು, ಆ ಬಟನ್ ಒತ್ತಿದರೆ ಆಯಿತು. ಆವತ್ತು ಮುಚ್ಚಳ ಹಾಕಿ, ನಾನು ಅದನ್ನೇ ಮಾಡಿದೆ. ನಿಮ್ಮ ಮಿಕ್ಸಿಯಲ್ಲಿ ಅದು ಎಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ, ಪ್ಲಗ್ ಕಿತ್ತಮೇಲೆ.

ಈ ಅದಲುಬದಲು ಒಂದೇ ಮನೆಯ ಕಥೆ ಅಲ್ಲ. ಹಳೇ ವೈರಿಂಗ್‌ನಲ್ಲಿ, ಕೈಯಲ್ಲೇ ಕಟ್ಟಿದ ಎಕ್ಸ್‌ಟೆನ್ಷನ್ ಬಾಕ್ಸ್‌ಗಳಲ್ಲಿ ಎಷ್ಟೋ ಕಡೆ ನೋಡಿದ್ದೇನೆ. ಟೂ ಪಿನ್ ಪ್ಲಗ್ ಇದ್ದರಂತೂ ಕೇಳಲೇಬೇಡಿ. ಅದನ್ನು ಹೀಗೂ ಹಾಕಬಹುದು, ತಿರುಗಿಸಿಯೂ ಹಾಕಬಹುದು. ವಸ್ತುವಿನ ಮೈಮೇಲಿರುವ ಸ್ವಿಚ್ ಆಗ ಯಾವ ವೈರನ್ನು ಕಡಿಯುತ್ತದೆ ಎಂದು ಯಾರಿಗೆ ಗೊತ್ತು? ಸ್ವಿಚ್ಚನ್ನು ನಂಬಬೇಡಿ. ಪ್ಲಗ್ ಕೀಳಿ.

"ನಮ್ಮ ಮನೆಯಲ್ಲಿ ಎಂಸಿಬಿ ಇದೆ ಸಾರ್, ಶಾಕ್ ಹೊಡೆದರೆ ತಾನೇ ಬೀಳುತ್ತೆ" ಎಂದು ಪ್ರತಿ ವರ್ಷ ಹೊಸ ಹುಡುಗರು ನನಗೆ ಹೇಳುತ್ತಾರೆ. ಎಂಸಿಬಿ ಅಂದರೆ ಕರೆಂಟು ಮಿತಿಮೀರಿ ಹರಿದರೆ ತಾನೇ ಆಫ್ ಆಗುವ ಸ್ವಿಚ್. ಶಾಕ್ ಹೊಡೆದರೆ ಅದು ಬೀಳುವುದಿಲ್ಲ. ಒಂದು ಸಣ್ಣ ಲೆಕ್ಕ ಕೇಳಿ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಎಳೆಯುವುದು ಸುಮಾರು 40 ಮಿಲಿ ಆಂಪಿಯರ್. ಅಷ್ಟೇ ಕರೆಂಟು ಕೆಲವು ಸೆಕೆಂಡ್ ಎದೆಯ ಮೂಲಕ ಹರಿದರೆ ಹೃದಯದ ಲಯ ತಪ್ಪಿಹೋಗಬಹುದು. ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಮಾಂಸಖಂಡ ಸೆಟೆದುಕೊಂಡು, ಹಿಡಿದ ಕೈ ಬಿಡಲಾಗುವುದಿಲ್ಲ. ಕೈ ಒದ್ದೆ, ಕಾಲು ಒದ್ದೆ ಇದ್ದರೆ ಮೈಯ ತಡೆ 1000 ಓಮ್‌ವರೆಗೂ ಇಳಿಯುತ್ತದೆ. ಆಗ 230 ವೋಲ್ಟಿಗೆ ಹರಿಯುವುದು 230 ಮಿಲಿ ಆಂಪಿಯರ್. ನಿಮ್ಮ 16 ಆಂಪಿಯರಿನ ಎಂಸಿಬಿ ಅಂದರೆ 16,000 ಮಿಲಿ ಆಂಪಿಯರ್. 230 ಹರಿದರೆ ಅದಕ್ಕೆ ಯಾವ ಲೆಕ್ಕ? ಎಂಸಿಬಿ ಇರುವುದು ವೈರ್ ಸುಡದ ಹಾಗೆ ಕಾಯಲು, ನಿಮ್ಮನ್ನು ಕಾಯಲು ಅಲ್ಲ.

ನಿಮ್ಮನ್ನು ಕಾಯುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್. 30 ಮಿಲಿ ಆಂಪಿಯರಿನದು ಹಾಕಿಸಿ. ಕರೆಂಟು ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಅದರ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತದೆ, ಆಗಾಗ ಒತ್ತಿ ನೋಡುತ್ತಿರಿ. ಹಾಗೆಂದು ಅದನ್ನು ನಂಬಿ ವೈರಿಗೆ ಕೈ ಹಾಕಬೇಡಿ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೂ ಗೊತ್ತಾಗುವುದಿಲ್ಲ.

ಮೇಷ್ಟ್ರ ವಿಷಯ ಹೇಳುತ್ತಾ ಸಮಯ ಓಡಿಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ತ್ರೀ ಪಿನ್ ಪ್ಲಗ್‌ನಲ್ಲಿ ದಪ್ಪಗೆ, ಉದ್ದಕ್ಕೆ ಇರುವ ಮೇಲಿನ ಪಿನ್ ಅರ್ಥಿಂಗಿನದು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ವೈರಿನದು. ಎಲ್ಲಕ್ಕಿಂತ ಮೊದಲು ತಗುಲಲಿ, ಕೊನೆಗೆ ಬಿಡಲಿ ಎಂದು ಅದನ್ನು ಉದ್ದ ಮಾಡಿರುತ್ತಾರೆ. ಹೊಸ ವೈರ್ ಹಾಕುವಾಗ ಹಸಿರು ವೈರನ್ನು ಸುಮ್ನೆ ಕತ್ತರಿಸಿ ಬಿಡುತ್ತೀರಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಇಸ್ತ್ರಿಪೆಟ್ಟಿಗೆಯಲ್ಲಿ ವೈರ್ ಒಳಗೆ ಹೋಗುವ ಕಡೆ ದಿನಾ ಮಡಚಿ ಮಡಚಿ ಸವೆಯುತ್ತದೆ. ತಾಮ್ರದ ಎಳೆ ತಗಡಿಗೆ ತಗುಲಿದ ದಿನ ನಿಮ್ಮನ್ನು ಉಳಿಸುವುದು ಆ ಹಸಿರು ವೈರೇ.

ನೀರು ಕಾಯಿಸುವ ಹೀಟರ್ ರಾಡ್. ಬಿಸಿಯಾಯಿತೇ ಎಂದು ಬಕೆಟ್ಟಿಗೆ ಬೆರಳು ಅದ್ದುವ ಮೊದಲು ಪ್ಲಗ್ ಕೀಳಿ. ಬಚ್ಚಲಿನಲ್ಲಿ ಒದ್ದೆ ಮೈಯಲ್ಲಿ ನಿಂತಿರುತ್ತೀರಿ, ಇದಕ್ಕಿಂತ ಅಪಾಯದ ಜಾಗ ಮನೆಯಲ್ಲಿ ಬೇರೆ ಇಲ್ಲ.

ಸೀಲಿಂಗ್ ಫ್ಯಾನಿಗೆ ಪ್ಲಗ್ ಇಲ್ಲವಲ್ಲ ಎನ್ನುತ್ತೀರಿ. ಅದಕ್ಕೆ ಮೇನ್ ಸ್ವಿಚ್ ಆಫ್ ಮಾಡಬೇಕು. ಆದರೆ ಮನೆಯಲ್ಲಿ ಯುಪಿಎಸ್ ಇದ್ದರೆ, ಮೇನ್ ಆಫ್ ಮಾಡಿದ ಕೂಡಲೇ ಕರೆಂಟು ಹೋಯಿತು ಎಂದುಕೊಂಡು ಅದು ಬ್ಯಾಟರಿಯಿಂದ ಕೊಡಲು ಶುರುಮಾಡುತ್ತದೆ. ಫ್ಯಾನಿನ ವೈರಿನಲ್ಲಿ ಮತ್ತೆ 230 ವೋಲ್ಟ್. ಹಾಗಾಗಿ ಯುಪಿಎಸ್ ಅನ್ನೂ ಆಫ್ ಮಾಡಿ. ಆಮೇಲೆ ಟೆಸ್ಟರ್ ಇಟ್ಟು ನೋಡಿ. ಟೆಸ್ಟರನ್ನೂ ಮೊದಲು ಕರೆಂಟಿರುವ ಕಡೆ ಇಟ್ಟು, ಉರಿಯುತ್ತದೆ ಎಂದು ಖಾತ್ರಿ ಮಾಡಿಕೊಂಡಿರಬೇಕು. ಕೆಟ್ಟ ಟೆಸ್ಟರ್ ಎಲ್ಲಿಟ್ಟರೂ ಉರಿಯುವುದಿಲ್ಲ.

ಮೈಕ್ರೋವೇವ್ ಒಲೆಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತರೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್ 2000 ವೋಲ್ಟಿಗೂ ಹೆಚ್ಚಿನ ಚಾರ್ಜನ್ನು ಪ್ಲಗ್ ಕಿತ್ತಮೇಲೂ ಹಿಡಿದುಕೊಂಡಿರಬಹುದು. ಅದು ಕಲಿತವರ ಕೆಲಸ.

ಕೊನೆಯದಾಗಿ, ಮನೆಯಲ್ಲಿ ಯಾರಾದರೂ ಕರೆಂಟಿಗೆ ಸಿಕ್ಕಿಕೊಂಡರೆ ಓಡಿಹೋಗಿ ಅವರನ್ನು ಹಿಡಿದು ಎಳೆಯಬೇಡಿ, ನೀವೂ ಸಿಕ್ಕಿಕೊಳ್ಳುತ್ತೀರಿ. ಪ್ಲಗ್ ಕೈಗೆ ಸಿಕ್ಕರೆ ಕೀಳಿ, ಇಲ್ಲವಾದರೆ ಮೇನ್ ಆಫ್ ಮಾಡಿ. ಎರಡೂ ಆಗದಿದ್ದರೆ ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ದೂರ ತಳ್ಳಿ. ಉಸಿರು ನಿಂತಿದ್ದರೆ 108ಕ್ಕೆ ಫೋನ್ ಮಾಡಲು ಒಬ್ಬರಿಗೆ ಹೇಳಿ, ನೀವು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಜೋರಾಗಿ ಒತ್ತಲು ಶುರುಮಾಡಿ. ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಎದ್ದು ಕೂತು "ಏನೂ ಆಗಿಲ್ಲ ಬಿಡಿ" ಎಂದರೂ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ಮೇಷ್ಟ್ರು ಹಬ್ಬದ ದಿನ ಬರುವುದಿಲ್ಲ ಎಂದು ಹಟ ಹಿಡಿದರು. ನಾನು ಬಿಡದೆ ಕರೆದುಕೊಂಡು ಹೋದೆ.

ನಮಸ್ಕಾರ.