ಪಾದ್ರಿಯ ಸಂಬಳ ಹೊಗೆಸೊಪ್ಪು

ಕೇಳುಗರೆಲ್ಲರಿಗೂ ನಮಸ್ಕಾರ.

ಹುಣಸೂರು, ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ಅಂದರೆ ಹೊಗೆಸೊಪ್ಪು. ಆ ಹೆಸರು ಬಂದದ್ದು ಅಮೆರಿಕದ ಒಂದು ನಾಡಿನಿಂದ. ಇಂಗ್ಲಿಷರು ಅಲ್ಲಿ ಮೊದಲು ನೆಲೆ ನಿಂತ ವಸಾಹತು ಅದು. ಆ ಕಾಲದ ಸರ್ಕಾರ, ಹಣಕಾಸು, ಧರ್ಮ, ಸಂಸ್ಕೃತಿ ನಾಲ್ಕರ ಬಗ್ಗೆಯೂ ಮಾತಾಡಿ ಅಂದಿದ್ದಾರೆ. ಇರುವ ಸಮಯ ಐದು ನಿಮಿಷ! ಹಾಗಾಗಿ ನಾನು ಒಂದೇ ಮಾತು ಹೇಳುತ್ತೇನೆ. ಆ ನಾಲ್ಕೂ ಅಲ್ಲಿ ಬೇರೆ ಬೇರೆ ಇರಲೇ ಇಲ್ಲ. ಹೊಗೆಸೊಪ್ಪಿನ ಒಂದೇ ಕಟ್ಟಿನೊಳಗಿದ್ದವು.

1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್ ಎಂಬ ಜಾಗಕ್ಕೆ ಬಂದವರು ಚಿನ್ನ ಹುಡುಕಿದರು. ಸಿಗಲಿಲ್ಲ. ಹಸಿವು, ಕಾಯಿಲೆಯಿಂದ ಸತ್ತವರೇ ಜಾಸ್ತಿ. 1612ರ ಸುಮಾರಿಗೆ ಜಾನ್ ರಾಲ್ಫ್ ಎಂಬಾತ ಹೊಗೆಸೊಪ್ಪು ಹಾಕಿ ನೋಡಿದ. ಲಂಡನ್ನಿನಲ್ಲಿ ಒಳ್ಳೆ ಬೆಲೆ ಬಂತು. ಆಮೇಲೆ ಊರಿನ ಬೀದಿಯಲ್ಲೂ ಅದನ್ನೇ ನೆಟ್ಟರು. ನಾಣ್ಯಕ್ಕೆ ಬರ, ಸೊಪ್ಪೇ ದುಡ್ಡು. 1619ರಲ್ಲಿ ಜನಪ್ರತಿನಿಧಿಗಳ ಮೊದಲ ಸಭೆ ಸೇರಿದ್ದು ಎಲ್ಲಿ ಗೊತ್ತಾ? ಚರ್ಚಿನಲ್ಲಿ. ಅಲ್ಲಿ ಕೂತು ಹೊಗೆಸೊಪ್ಪಿಗೆ ಬೆಲೆ ಕಟ್ಟಿದರು. 1624ರಲ್ಲಿ ಇನ್ನೊಂದು ಕಾನೂನು. ಒಂದು ಭಾನುವಾರ ಚರ್ಚಿಗೆ ಬರದಿದ್ದರೆ ದಂಡ ಒಂದು ಪೌಂಡ್ ಸೊಪ್ಪು (ಪೌಂಡ್ ಅಂದರೆ ಇಲ್ಲಿ ದುಡ್ಡಲ್ಲ, ತೂಕ; ಸುಮಾರು ಅರ್ಧ ಕಿಲೋ), ತಿಂಗಳಿಡೀ ತಪ್ಪಿಸಿದರೆ 50 ಪೌಂಡ್. ಒಂದೇ ಕಟ್ಟು, ನೋಡಿ.

ಈಗ ನನಗೆ ತುಂಬಾ ಇಷ್ಟವಾದ ಕಥೆ. ಅಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚೇ ಸರ್ಕಾರಿ ಚರ್ಚು. ಪಾದ್ರಿಗೆ ವರ್ಷದ ಸಂಬಳ 16,000 ಪೌಂಡ್ ಹೊಗೆಸೊಪ್ಪು, ಅಂದರೆ ಏಳು ಟನ್ನಿಗೂ ಮೇಲೆ! 1758ರಲ್ಲಿ ಮಳೆ ಕೈಕೊಟ್ಟಿತು. ಬೆಳೆ ಹೋಯಿತು, ಬೆಲೆ ಏರಿತು. ಪೌಂಡಿಗೆ ಆರು ಪೆನ್ನಿಯವರೆಗೆ ಹೋಯಿತು. ಪೆನ್ನಿ ಅಂದರೆ ಇಂಗ್ಲಿಷರ ಚಿಲ್ಲರೆ ಕಾಸು. ಪಾದ್ರಿಗಳಿಗೆ ಹಬ್ಬ ಅಲ್ವಾ? ಆದರೆ ಶಾಸನಸಭೆಯಲ್ಲಿ ಇದ್ದವರು ತೋಟದ ಸಾಹುಕಾರರು. ಸೊಪ್ಪಿನ ಬದಲು ಪೌಂಡಿಗೆ ಎರಡೇ ಪೆನ್ನಿ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಸಾಕು ಎಂದು ಕಾನೂನು ಮಾಡಿಬಿಟ್ಟರು. ದೂರು ಲಂಡನ್ನಿಗೆ ಹೋಯಿತು. ಇಂಗ್ಲೆಂಡಿನ ದೊರೆ ಆ ಕಾನೂನನ್ನು ರದ್ದು ಮಾಡಿದ. ಜೇಮ್ಸ್ ಮೌರಿ ಎಂಬ ಪಾದ್ರಿ ಬಾಕಿ ಕೊಡಿಸಿ ಎಂದು ಕೋರ್ಟಿಗೆ ಹೋದ, ಗೆದ್ದ. ಎಷ್ಟು ಕೊಡಬೇಕು ಅನ್ನುವುದೊಂದು ಉಳಿದಿತ್ತು.

1763ರ ಡಿಸೆಂಬರ್ 1, ಹ್ಯಾನೋವರ್ ಕೋರ್ಟು. ಪಾದ್ರಿಯ ಎದುರಿಗೆ 27 ವರ್ಷದ ಲಾಯರು ಪ್ಯಾಟ್ರಿಕ್ ಹೆನ್ರಿ. ನ್ಯಾಯಾಧೀಶ ಯಾರು ಅಂತೀರಿ? ಅವನ ಸ್ವಂತ ಅಪ್ಪ! ಜನಕ್ಕೆ ಒಳ್ಳೆಯದಾಗುವ ಕಾನೂನನ್ನು ರದ್ದು ಮಾಡುವ ದೊರೆ ಪ್ರಜೆಗಳ ತಂದೆಯಲ್ಲ, ದಬ್ಬಾಳಿಕೆಗಾರ ಎಂದ ಹುಡುಗ. ರಾಜದ್ರೋಹ, ರಾಜದ್ರೋಹ ಎಂದು ಗುಸುಗುಸು ಎದ್ದಿತು. ಜ್ಯೂರಿಯವರು, ಅಂದರೆ ತೀರ್ಪು ಹೇಳಲು ಕೂತ ಊರಿನವರು, ಒಳಗೆ ಹೋಗಿ ಐದು ನಿಮಿಷದೊಳಗೆ ಹೊರಗೆ ಬಂದರು. ಪಾದ್ರಿಗೆ ಸಿಕ್ಕಿದ್ದು ಒಂದು ಪೆನ್ನಿ. ಪಾಪ!

ಅಮೆರಿಕದವರು ಇಂಗ್ಲೆಂಡಿನ ದೊರೆಗೆ ತಿರುಗಿಬಿದ್ದ ಕಥೆ ಅಂದರೆ ಎಲ್ಲರೂ 1773ರಲ್ಲಿ ಬಾಸ್ಟನ್ನಿನವರು ಸಮುದ್ರಕ್ಕೆ ಎಸೆದ ಚಹಾ ಪೆಟ್ಟಿಗೆಯನ್ನೇ ಹಿಡಿದುಕೊಂಡಿರುತ್ತಾರೆ. ಅದಕ್ಕೆ ಹತ್ತು ವರ್ಷ ಮೊದಲೇ ಒಬ್ಬ ಪಾದ್ರಿಯ ಸಂಬಳದ ಜಗಳದಲ್ಲಿ ದೊರೆಗೆ ಬೈದಾಗಿತ್ತು. ಇದನ್ನು ಯಾಕೆ ಯಾರೂ ಹೇಳುವುದಿಲ್ಲವೋ.

ಉತ್ತರದ ನ್ಯೂ ಇಂಗ್ಲೆಂಡ್ ವಸಾಹತುಗಳ ಮೀನು, ಹಡಗು ಎಲ್ಲ ಇನ್ನೊಂದು ದಿನಕ್ಕಿರಲಿ. ಆದರೆ ಇದೊಂದನ್ನು ಬಿಟ್ಟು ಹೋಗಲಾರೆ. ಆ ಸೊಪ್ಪು ಬೆಳೆದ ಕೈ ಯಾರದು? 1619ರಲ್ಲಿ ಆಫ್ರಿಕದ ಇಪ್ಪತ್ತು ಚಿಲ್ಲರೆ ಜನರನ್ನು ಹಡಗಿನಲ್ಲಿ ತಂದು, ಆಹಾರದ ಬದಲಿಗೆ ಕೊಟ್ಟು ಹೋದರು. ಮುಂದೆ ಸಾವಿರಾರು ಜನ ಬಂದರು. ಕ್ರೈಸ್ತರಾದರೆ ಬಿಡುಗಡೆ ಸಿಕ್ಕೀತು ಎಂಬ ಆಸೆ ಅವರಿಗೆ. 1667ರಲ್ಲಿ ಶಾಸನಸಭೆ ಅದಕ್ಕೂ ಒಂದು ಕಾನೂನು ಬರೆಯಿತು: ದೀಕ್ಷಾಸ್ನಾನವಾದರೂ ಗುಲಾಮ ಗುಲಾಮನೇ.

ನಮಸ್ಕಾರ.