ಹೆಪ್ಪು ಸಾಲದಿದ್ದರೆ

ಕೇಳುಗರಿಗೆ ನಮಸ್ಕಾರ.

ಬಸವನಗುಡಿಯ ನಮ್ಮ ಬೀದಿಯಲ್ಲಿ ಲೋಟ ಹಿಡಿದು ಹೆಪ್ಪು ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ. ಕಳೆದ ತಿಂಗಳು ಹೆಪ್ಪಿನದೇ ಒಂದು ದೂರು ಹೊತ್ತು ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ನನ್ನ ಅಕ್ಕನ ಮಗ ಫೋನ್ ಮಾಡಿದ. "ಮಾವ, ನನ್ನ ಬಿಯರ್ ಅರ್ಧಕ್ಕೇ ನಿಂತುಹೋಗಿದೆ. ನೀವು ಸೂಕ್ಷ್ಮಜೀವಿಶಾಸ್ತ್ರ ಕಲಿಸಿದವರು, ಏನಾದರೂ ಹೇಳಿ."

ಮೊದಲೇ ಒಂದು ಮಾತು. ಆ ದೇಶದಲ್ಲಿ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಲು 1978ರ ಕಾನೂನು ದಾರಿ ಬಿಟ್ಟಿದೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಬೇಕು. ಆದ್ದರಿಂದ ನನ್ನ ಮಾತು ಕೇಳಿ ಯಾರೂ ಬಕೆಟ್ ತೊಳೆಯಲು ಹೊರಡಬೇಡಿ.

ಅವನು ಮಾಡಹೊರಟಿದ್ದು 20 ಲೀಟರ್ ಸ್ಟ್ರಾಂಗ್ ಬಿಯರ್. ನೀರಿನ ಸಾಂದ್ರತೆ 1.000 ಎಂದಿಟ್ಟುಕೊಂಡರೆ ಅವನ ಬಾರ್ಲಿ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ರಸದ್ದು 1.090. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡಿದಂತೆಲ್ಲ ಈ ಅಂಕಿ ಇಳಿಯಬೇಕು. ಅದು 1.045ಕ್ಕೆ ಇಳಿದು, ಎರಡು ವಾರದಿಂದ ಕದಲದೆ ಕುಳಿತಿತ್ತು. ಕುಡಿದರೆ ಪಾನಕ. ಹೆಪ್ಪು ಎಷ್ಟು ಹಾಕಿದ್ದೆ ಎಂದು ಕೇಳಿದೆ. ದ್ರವ ಯೀಸ್ಟಿನ ಒಂದು ಪೊಟ್ಟಣ, ಅದೂ ಮೂರು ತಿಂಗಳ ಹಳೆಯದು!

ಹೊಸ ಪೊಟ್ಟಣದಲ್ಲಿ ಸುಮಾರು 10,000 ಕೋಟಿ ಕೋಶಗಳಿರುತ್ತವೆ. ಫ್ರಿಜ್‌ನಲ್ಲಿಟ್ಟರೂ ತಿಂಗಳು ಕಳೆದಂತೆ ಸಾಯುತ್ತ ಹೋಗುತ್ತವೆ. ಅವನ ಪಾತ್ರೆಗೆ ಬೇಕಿದ್ದದ್ದು 30,000 ಕೋಟಿಗೂ ಹೆಚ್ಚು.

ಹೆಪ್ಪು ಕಡಿಮೆಯಾದರೆ ಮೊಸರು ತಡವಾಗಿಯಾದರೂ ಗಟ್ಟಿಯಾಗುತ್ತದೆ. ಬಿಯರ್ ಹಾಗಲ್ಲ. ಯೀಸ್ಟ್ ಕೋಶದ ಪೊರೆಯಲ್ಲಿ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿದೆ. ಒಂದು ಕೋಶ ಎರಡಾದಾಗ ಅದು ಅಣ್ಣತಮ್ಮಂದಿರ ಆಸ್ತಿಯಂತೆ ಪಾಲಾಗುತ್ತದೆ. ಹೊಸದಾಗಿ ಸಂಪಾದಿಸಿಕೊಳ್ಳಲು ಆಮ್ಲಜನಕ ಬೇಕು, ರಸದಲ್ಲಿರುವ ಆಮ್ಲಜನಕವೋ ಮೊದಲ ಕೆಲವು ಗಂಟೆಗಳಲ್ಲೇ ಮುಗಿದುಹೋಗುತ್ತದೆ. ಹೆಪ್ಪು ಸ್ವಲ್ಪವೇ ಇದ್ದರೆ ಕೋಶಗಳು ಮತ್ತೆ ಮತ್ತೆ ಒಡೆದು ಬೆಳೆಯಬೇಕು, ಪ್ರತಿ ತಲೆಮಾರಿಗೂ ಪೊರೆ ಬಡವಾಗಬೇಕು. ಆ ಬಡ ಪೊರೆಯ ಮೇಲೆ ತಾವೇ ತಯಾರಿಸಿದ ಮದ್ಯಸಾರ ಏರುತ್ತ ಬಂದಾಗ ತಡೆದುಕೊಳ್ಳಲಾರದೆ ಕೈಚೆಲ್ಲಿ ತಳ ಸೇರುತ್ತವೆ.

ಇದಕ್ಕೇ ಸ್ಟಾರ್ಟರ್, ಅಂದರೆ ಯೀಸ್ಟನ್ನು ಮೊದಲೇ ಬೇರೆಯಾಗಿ ಬೆಳೆಸಿಕೊಳ್ಳುವ ಪುಟ್ಟ ಪಾತ್ರೆ. ಎರಡು ಲೀಟರ್ ನೀರಿಗೆ ಮಾಲ್ಟ್ ರಸವನ್ನು ಒಣಗಿಸಿದ ಪುಡಿ 200 ಗ್ರಾಂ ಕರಗಿಸಿ, ಬೇರೆ ಸೂಕ್ಷ್ಮಜೀವಿಗಳು ಸಾಯುವಂತೆ ಕಾಲು ಗಂಟೆ ಕುದಿಸಿ, ಪೂರ್ತಿ ಆರಿದ ಮೇಲೆ ಯೀಸ್ಟ್ ಹಾಕುವುದು. (ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿದುಬಿಡುತ್ತದೆ, ನಮ್ಮ ಕಾಲೇಜಿನಲ್ಲಿ ಇಂಥ ಕೆಲಸಕ್ಕೆ ಬೇಳೆ ಬೇಯಿಸುವ ಪ್ರೆಶರ್ ಕುಕ್ಕರನ್ನೇ ನೆಚ್ಚಿಕೊಂಡಿದ್ದೆವು.) ಬಾಯಿಗೆ ಅಲ್ಯುಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿ, ಓಡಾಡುವಾಗಲೆಲ್ಲ ಒಮ್ಮೆ ಕುಲುಕಿ ಗಾಳಿ ಸೇರಿಸಬೇಕು. ಒಂದೆರಡು ದಿನ ಸಾಕು.

"ಬಿಯರ್ ಸ್ಟ್ರಾಂಗ್ ಅಲ್ಲವೇ ಮಾವ, ಸ್ಟಾರ್ಟರನ್ನೂ ಸ್ಟ್ರಾಂಗ್ ಮಾಡಲೇ?" ಎಂದ. ಎಳೆಗೂಸಿಗೆ ಯಾರಾದರೂ ಮುದ್ದೆ ಉಣ್ಣಿಸುತ್ತಾರೆಯೇ? ಅಂಬಲಿಯಷ್ಟು ತೆಳುವಾಗಿರಲಿ, 1.040 ದಾಟದಿರಲಿ ಎಂದೆ. ಸಕ್ಕರೆ ಹೆಚ್ಚಾದರೆ ಉಪ್ಪಿನಕಾಯಿ ಹೋಳಿನಂತೆ ಕೋಶ ಮುರುಟಿಕೊಳ್ಳುತ್ತದೆ. ಇಲ್ಲಿ ನಾವು ಬೆಳೆಸುತ್ತಿರುವುದು ಯೀಸ್ಟನ್ನು. ಮೇಲಿನ ನೀರು ರುಚಿಗೆಟ್ಟಿರುತ್ತದೆ, ಸಾಮಾನ್ಯವಾಗಿ ತಣ್ಣಗೆ ಇಟ್ಟು, ಬಸಿದು ಚೆಲ್ಲಿ, ತಳದ ಬಿಳಿ ಗಸಿಯನ್ನಷ್ಟೇ ಬಳಸುತ್ತಾರೆ. ಹಳೆಯ ಪೊಟ್ಟಣವಾದರೆ ಆ ಗಸಿಗೇ ಹೊಸ ರಸ ಹುಯ್ದು ಇನ್ನೊಂದು ಸುತ್ತು ಬೆಳೆಸಬೇಕು. ಒಣ ಯೀಸ್ಟಿಗೆ ಈ ಉಪಚಾರವೇನೂ ಬೇಡ, ಕಾರ್ಖಾನೆಯಲ್ಲೇ ಉಂಡು ಬಂದಿರುತ್ತದೆ. ಎರಡು ಪೊಟ್ಟಣ ಹಾಕಿದರಾಯಿತು.

ಆದರೆ ಅವನದು ಆಗಲೇ ಕೆಟ್ಟು ಕುಳಿತಿದ್ದ ಬಿಯರ್. ಅಷ್ಟು ಮದ್ಯಸಾರದೊಳಕ್ಕೆ ಮಲಗಿದ ಯೀಸ್ಟನ್ನು ದೂಡಿದರೆ ಏಳುವುದಿಲ್ಲ. ಹೊಸ ಸ್ಟಾರ್ಟರ್ ಮಾಡಿ, ನೊರೆ ಉಕ್ಕುತ್ತಿರುವಾಗಲೇ ಇಡಿಯಾಗಿ ಸುರಿ ಎಂದೆ. ಹತ್ತು ದಿನದಲ್ಲಿ 1.024ಕ್ಕೆ ಇಳಿಯಿತು. 1.020ರವರೆಗೂ ಇಳಿಯಬಹುದಿತ್ತು, ನಾನು ಹೆಚ್ಚು ಆಸೆಪಡಲಿಲ್ಲ.

ತಳದಲ್ಲಿ ಉಳಿದ ಯೀಸ್ಟನ್ನು ಮುಂದಿನ ಸಲಕ್ಕೆಂದು ಸೀಸೆಯಲ್ಲಿ ತುಂಬಿಟ್ಟು ಫೋಟೋ ಕಳಿಸಿದ್ದಾನೆ. ಸ್ಟ್ರಾಂಗ್ ಬಿಯರಿನಲ್ಲಿ ದುಡಿದು ಬಸವಳಿದದ್ದು ಅದು, ಚೆಲ್ಲಿಬಿಡು ಎಂದು ಬರೆದೆ. ಜಯನಗರದಲ್ಲಿರುವ ಅಕ್ಕ ಆ ಫೋಟೋ ನೋಡಿ, "ಮೊಸರಿನ ಹೆಪ್ಪು ಮಾತ್ರ ಒಂದು ದಿನವೂ ಎತ್ತಿಡುವುದಿಲ್ಲ, ವಾರವಾರ ಒಣಮೆಣಸಿನಕಾಯಿ ತೊಟ್ಟು ಹಾಕಿಕೊಂಡು ಕೂರುತ್ತಾನೆ" ಎಂದಳು.

ನಮಸ್ಕಾರ.