ಹೆಸರು ಹೇಳಲಾಗದ ಪ್ರೀತಿ

ನಮಸ್ಕಾರ. ಇವತ್ತಿನ ವಿಷಯ ಯುದ್ಧಕಾಲದ ಗೂಢಚಾರರ ಪ್ರೇಮಕಥೆ. ಈ ಬಗೆಯ ಕಾದಂಬರಿಗಳೆಂದರೆ ನನಗೆ ಬಹಳ ಇಷ್ಟ. ಇಷ್ಟ ಇರುವುದರಿಂದಲೇ ಒಂದು ತಕರಾರೂ ಇದೆ. ಈ ಕಥೆಗಳಲ್ಲಿ ಪ್ರೀತಿ ಬೇಕಾದಷ್ಟು ಇರುತ್ತದೆ, ಯುದ್ಧವೂ ಇರುತ್ತದೆ. ಗೂಢಚಾರರ ಕೆಲಸ ಮಾತ್ರ ಕಾಣುವುದಿಲ್ಲ.

ನೀವೂ ಓದಿರುತ್ತೀರಿ. ಪ್ಯಾರಿಸ್, ಮಳೆ, ಒಳ್ಳೆ ಕೋಟು ತೊಟ್ಟ ನಾಯಕಿ, ಎದುರು ಪಾಳಯದ ಚೆಂದದ ಅಧಿಕಾರಿ. ಎರಡು ಅಧ್ಯಾಯ ಕಳೆಯುವಷ್ಟರಲ್ಲಿ ಅವಳು ಬಂದ ಕೆಲಸವನ್ನೇ ಮರೆತಿರುತ್ತಾಳೆ. ಹೆಣ್ಣು ಗೂಢಚಾರಿ ಎಂದರೆ ಒಂದೋ ವಿಷಕನ್ಯೆ, ಇಲ್ಲವೇ ಪ್ರೀತಿಗೆ ಸೋತು ಗುಟ್ಟು ಬಿಟ್ಟುಕೊಟ್ಟವಳು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಆ ಕೆಲಸವನ್ನು ಮಾಡಿ, ಅದಕ್ಕಾಗಿ ಪ್ರಾಣ ಕೊಟ್ಟ ಹೆಂಗಸರಿದ್ದರು. ಅವರಲ್ಲಿ ಒಬ್ಬಳ ಬೇರು ನಮ್ಮ ಮಣ್ಣಿನಲ್ಲೂ ಇದೆ.

ನೂರ್ ಇನಾಯತ್ ಖಾನ್. ಹುಟ್ಟಿದ್ದು 1914ರಲ್ಲಿ, ಮಾಸ್ಕೋದಲ್ಲಿ. ಬೆಳೆದದ್ದು ಪ್ಯಾರಿಸ್ ಹತ್ತಿರ. ತಂದೆ ಬರೋಡಾದ ಸಂಗೀತಗಾರ, ಸೂಫಿ ಗುರು. ಅವರ ಕಡೆಯಿಂದ ಅವಳು ಟಿಪ್ಪು ಸುಲ್ತಾನನ ವಂಶದ ಕುಡಿ. ಹೌದು, ನಮ್ಮ ಬೆಂಗಳೂರು ಏರ್‌ಪೋರ್ಟ್ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು. ಮಕ್ಕಳಿಗಾಗಿ ಬುದ್ಧನ ಜಾತಕ ಕಥೆಗಳನ್ನು ಬರೆದ ಮೆದು ಸ್ವಭಾವದ ಹುಡುಗಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಕಡೆ ನಿಲ್ಲುತ್ತೇನೆ ಎಂದು ಬ್ರಿಟಿಷ್ ಅಧಿಕಾರಿಗಳ ಮುಂದೆಯೇ ಹೇಳಿದವಳು. ತರಬೇತಿಯಲ್ಲಿದ್ದಾಗ, ಎರಡು ಮುಖದ ಕೆಲಸ ಮಾಡಲು ತನಗೆ ಮನಸ್ಸಿಲ್ಲ ಎಂದಿದ್ದಳು. ಅಂಥವಳನ್ನು ಬ್ರಿಟಿಷ್ ಗೂಢಚಾರ ಪಡೆಯವರು 1943ರ ಜೂನ್‌ನ ಒಂದು ರಾತ್ರಿ ಪುಟ್ಟ ವಿಮಾನದಲ್ಲಿ ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ಕಳಿಸಿದರು. ವೈರ್‌ಲೆಸ್ ಆಪರೇಟರ್ ಆಗಿ ಅಲ್ಲಿಗೆ ಹೋದ ಮೊದಲ ಹೆಣ್ಣು ಅವಳೇ.

ಆ ಕೆಲಸ ಹೇಗಿತ್ತು ಗೊತ್ತಾ? ಸೂಟ್‌ಕೇಸಿನಲ್ಲಿ ಸುಮಾರು 14 ಕಿಲೋ ತೂಕದ ಟ್ರಾನ್ಸ್‌ಮಿಟರ್. ಯಾರ ಕಣ್ಣಿಗೂ ಬೀಳದ ಹಾಗೆ ಏರಿಯಲ್ ತಂತಿ ಎಳೆಯಬೇಕು. ಸಂದೇಶ ಕಳಿಸುತ್ತಾ ಕೂತಷ್ಟು ಹೊತ್ತೂ ಜರ್ಮನ್ ವ್ಯಾನುಗಳು ಸಿಗ್ನಲ್ ಜಾಡು ಹಿಡಿದು ಬೀದಿ ಬೀದಿ ಹತ್ತಿರ ಬರುತ್ತಿರುತ್ತವೆ. ಒಬ್ಬ ಆಪರೇಟರ್ ಆರು ವಾರ ಉಳಿದರೆ ಹೆಚ್ಚು ಎಂಬ ಲೆಕ್ಕ ಆಗ ಇತ್ತು. ನೂರ್ ಹೋದ ಕೆಲವೇ ದಿನಗಳಲ್ಲಿ ಜೊತೆಯವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಎಂದಿತು ಲಂಡನ್. ಅವಳು ಒಪ್ಪಲಿಲ್ಲ. ಮನೆ ಬದಲಿಸುತ್ತಾ, ವೇಷ ಬದಲಿಸುತ್ತಾ ಅಕ್ಟೋಬರ್‌ವರೆಗೆ ಸಂದೇಶ ಕಳಿಸಿದಳು. ಆಮೇಲೆ ಅವಳೂ ಸಿಕ್ಕಿಬಿದ್ದಳು. 1944ರ ಸೆಪ್ಟೆಂಬರ್ 13ರಂದು ಜರ್ಮನಿಯ ಡಾಖಾವ್ ಸೆರೆ ಶಿಬಿರದಲ್ಲಿ ಅವಳನ್ನು ಕೊಂದರು. ವಯಸ್ಸು 30.

ಈಗ ಇಂಥ ದಿನಗಳ ನಡುವೆ ಒಂದು ಪ್ರೀತಿಯನ್ನು ಕಲ್ಪಿಸಿಕೊಳ್ಳಿ. ಪ್ರೀತಿಸಿದವನಿಗೆ ನಿಜವಾದ ಹೆಸರು ಹೇಳುವಂತಿಲ್ಲ. ನಾಳೆ ಎಲ್ಲಿರುತ್ತೇನೆ ಎಂದು ತಿಳಿಸುವಂತಿಲ್ಲ. ಅವನು ಸಿಕ್ಕಿಬಿದ್ದರೆ ಹೊಡೆದು ಬಾಯಿ ಬಿಡಿಸುತ್ತಾರೆ. ಅವನಿಗೆ ಏನೂ ಗೊತ್ತಿಲ್ಲದಿದ್ದರೆ ಅವನೂ ಉಳಿಯಬಹುದು, ಉಳಿದವರೂ ಉಳಿಯಬಹುದು. ಅವನನ್ನು ಕಾಯುವುದಕ್ಕೇ ಅವಳು ಸುಳ್ಳು ಹೇಳಬೇಕು. ಅವನಿಗಾದರೋ ಅದು ಮೋಸದ ಹಾಗೆ ಕಾಣುತ್ತದೆ. ಇಡೀ ಕಾದಂಬರಿ ಇಲ್ಲೇ ಇದೆ, ಅಲ್ವಾ? ಇದನ್ನು ಬಿಟ್ಟು ಸುಮ್ನೆ ಪಿಸ್ತೂಲು, ಮುತ್ತು ಎಂದು ಬರೆದರೆ ಹೇಗೆ?

ಇನ್ನೊಂದು ನಿಜವಾದ ಕಥೆ ಕೇಳಿ. ಆ ಕಾಲದ ಏಜೆಂಟರು ಒಂದು ಕವಿತೆಯನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಅದರ ಕೆಲವು ಪದಗಳನ್ನು ಆರಿಸಿ, ಅವುಗಳ ಅಕ್ಷರಗಳಿಗೆ ಸಂಖ್ಯೆ ಕೊಟ್ಟು ಸಂದೇಶವನ್ನು ಗುಪ್ತಲಿಪಿಗೆ ಹಾಕುತ್ತಿದ್ದರು. ಹೆಸರಾದ ಕವಿತೆಯಾದರೆ ಶತ್ರು ಊಹಿಸಿಬಿಡಬಹುದು. ಅದಕ್ಕೇ ಲಂಡನ್ನಿನಲ್ಲಿ ಗುಪ್ತಲಿಪಿ ನೋಡಿಕೊಳ್ಳುತ್ತಿದ್ದ ಲಿಯೋ ಮಾರ್ಕ್ಸ್ ಎಂಬ ಯುವಕ ತಾನೇ ಕವಿತೆ ಬರೆದುಕೊಡುತ್ತಿದ್ದ. ಅವನು ಪ್ರೀತಿಸಿದ ಹುಡುಗಿ ವಿಮಾನ ಅಪಘಾತದಲ್ಲಿ ತೀರಿಹೋದಳು. ಅವಳಿಗಾಗಿ ಒಂದು ಪುಟ್ಟ ಕವಿತೆ ಬರೆದ. ಕೆಲವು ತಿಂಗಳ ನಂತರ, 1944ರಲ್ಲಿ, ಫ್ರಾನ್ಸಿಗೆ ಹೊರಟಿದ್ದ ವಯೊಲೆಟ್ ಸಾಬೋಗೆ ಅದನ್ನೇ ಕೊಟ್ಟ. ಬರೆದವನು ತಾನು ಎಂದು ಹೇಳಲಿಲ್ಲ. ವಯೊಲೆಟ್‌ಳ ಗಂಡ ಎಲ್ ಅಲಮೇನ್ ಯುದ್ಧದಲ್ಲಿ ಸತ್ತಿದ್ದ, ಹುಟ್ಟಿದ ಮಗಳ ಮುಖವನ್ನೂ ನೋಡದೆ. ಕವಿತೆ ಕೈಗೆ ಬಂದಾಗ ಅವಳಿಗೆ 22 ವರ್ಷ. ಎರಡನೇ ಸಲ ಫ್ರಾನ್ಸಿಗೆ ಹೋದಾಗ ಅವಳೂ ವಾಪಸ್ ಬರಲಿಲ್ಲ. ಒಬ್ಬನ ಸಂಕಟದ ಸಾಲು ಇನ್ನೊಬ್ಬಳ ಕೈಯಲ್ಲಿ ಯುದ್ಧದ ಕೀಲಿಯಾಯಿತು. ಇಬ್ಬರ ನಡುವೆ ಪ್ರೇಮ ಇರಲೇ ಇಲ್ಲ. ಆದರೂ ನಾನು ಓದಿದ ಎಷ್ಟೋ ಪ್ರೇಮಕಥೆಗಳಿಗಿಂತ ಇದು ಜಾಸ್ತಿ ಕಾಡುತ್ತದೆ.

ಇದೆಲ್ಲ ಹೊರಗಿನವರ ವಿಷಯ, ನಮಗೇಕೆ ಎನ್ನಬೇಡಿ. ನಮ್ಮಲ್ಲಿ ಕಚ ದೇವಯಾನಿಯ ಕಥೆ ಇಲ್ಲವೇ? ದೇವತೆಗಳಿಗೂ ರಾಕ್ಷಸರಿಗೂ ಯುದ್ಧ. ಸಂಜೀವಿನಿ ವಿದ್ಯೆ ತರಲು ಕಚ ಶತ್ರುವಿನ ಗುರುವಿನ ಮನೆಗೇ ಹೋಗುತ್ತಾನೆ. ಆ ಗುರುವಿನ ಮಗಳು ದೇವಯಾನಿ ಅವನನ್ನು ಪ್ರೀತಿಸುತ್ತಾಳೆ. ರಾಕ್ಷಸರು ಅವನನ್ನು ಕೊಂದಾಗಲೆಲ್ಲ ಅಪ್ಪನ ಕಾಲು ಹಿಡಿದು ಬದುಕಿಸುತ್ತಾಳೆ. ವಿದ್ಯೆ ಕೈಗೆ ಬಂತು, ಅವನು ಹೊರಟ. ಆಗ ಅವಳು ಶಾಪ ಕೊಡುತ್ತಾಳೆ, ಈ ವಿದ್ಯೆ ನಿನಗೆ ಫಲಿಸದಿರಲಿ ಎಂದು. ಕಥೆ ಅವಳನ್ನು ಮರುಳಿ ಮಾಡುವುದಿಲ್ಲ, ಅವನನ್ನು ಸುಮ್ನೆ ಬಿಡುವುದೂ ಇಲ್ಲ. ಈ ಗಟ್ಟಿತನ ನನಗೆ ಇವತ್ತಿನ ಕಾದಂಬರಿಗಳಲ್ಲಿ ಬೇಕು.

ಅದಕ್ಕೆ ಪ್ಯಾರಿಸ್‌ಗೇ ಹೋಗಬೇಕಿಲ್ಲ. 1942ರ ಬೆಂಗಳೂರನ್ನು ನೋಡಿ. ಒಂದೇ ಊರು, ಎರಡು ಆಡಳಿತ. ಪೇಟೆಯ ಕಡೆ ಮಹಾರಾಜರದ್ದು, ದಂಡಿನ (ಕಂಟೋನ್ಮೆಂಟ್) ಕಡೆ ಬ್ರಿಟಿಷರದ್ದು. ಜಾಲಹಳ್ಳಿ ಕಡೆ ಇಟಲಿಯ ಯುದ್ಧ ಕೈದಿಗಳ ಶಿಬಿರ. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ, ಅದೇ ನಮ್ಮ ಎಚ್‌ಎಎಲ್, ಮುಂದೆ ಅಮೆರಿಕನ್ನರ ವಿಮಾನ ರಿಪೇರಿಯ ದೊಡ್ಡ ತಾಣವಾಯಿತು. ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕ್ಯಾಟಲೀನಾ ವಿಮಾನಗಳು ಇಳಿಯುತ್ತಿದ್ದವು. 1942ರ ಆಗಸ್ಟ್‌ನಲ್ಲೇ ಕ್ವಿಟ್ ಇಂಡಿಯಾ ಚಳವಳಿ, ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ಗೋಲಿಬಾರ್. ಮುಂದಿನ ತಿಂಗಳು ಮಲಬಾರ್ ಕರಾವಳಿಗೆ ಜಪಾನಿ ಸಬ್‌ಮರೀನ್‌ನಿಂದ ನಮ್ಮದೇ ಹುಡುಗರು, ಬ್ರಿಟಿಷರ ವಿರುದ್ಧ ಬೇಹುಗಾರಿಕೆ ಮಾಡಲು, ಗುಟ್ಟಾಗಿ ಇಳಿದರು. ಅವರಲ್ಲಿ ವಕ್ಕಂ ಖಾದರ್‌ನನ್ನು ಬ್ರಿಟಿಷರು 1943ರಲ್ಲಿ ಮದರಾಸಿನಲ್ಲಿ ಗಲ್ಲಿಗೇರಿಸಿದರು. ಇಲ್ಲಿ ಶತ್ರು ಯಾರು ಎಂಬ ಪ್ರಶ್ನೆಗೇ ಒಂದು ಉತ್ತರ ಇರಲಿಲ್ಲ. ನೂರ್ ಮತ್ತು ಖಾದರ್ ಇಬ್ಬರಿಗೂ ಭಾರತದ ಸ್ವಾತಂತ್ರ್ಯ ಬೇಕಿತ್ತು, ನಿಂತದ್ದು ಮಾತ್ರ ಎದುರುಬದುರು ಪಾಳಯಗಳಲ್ಲಿ.

ಹಾಗಾಗಿ ಕನ್ನಡದಲ್ಲಿ ಬರೆಯುವ ಗೆಳೆಯರನ್ನು ಕೇಳುತ್ತೇನೆ. ವಿಮಾನ ಕಾರ್ಖಾನೆಯ ಫಿಟ್ಟರ್ ಹುಡುಗ, ಒಳಗೊಳಗೇ ಚಳವಳಿಗೆ ಸುದ್ದಿ ಮುಟ್ಟಿಸುವವನು. ದಂಡಿನ ಸೆನ್ಸಾರ್ ಕಚೇರಿಯಲ್ಲಿ ಕನ್ನಡ ಕಾಗದಗಳನ್ನು ಓದುವ ಹುಡುಗಿ. ಇಬ್ಬರೂ ಪರಸ್ಪರ ಸುಳ್ಳು ಹೇಳುತ್ತಿದ್ದಾರೆ, ಇಬ್ಬರಿಗೂ ಕಾರಣ ಇದೆ. ಒಂದು ದಿನ ಅವನ ಕಾಗದವೇ ಅವಳ ಮೇಜಿಗೆ ಬರುತ್ತದೆ. ಇದನ್ನು ಬರೆಯಿರಿ. ನನ್ನದು ಒಂದೇ ಕೋರಿಕೆ. ಆ ಗಳಿಗೆಯಲ್ಲಿ ಅವಳಿಗೆ ಕೆಲಸ ಮರೆಸಬೇಡಿ. ಕಾಗದ ಒಡೆದು ಓದಲಿ, ಮುಂದೇನು ಎಂದು ಅವಳೇ ತೀರ್ಮಾನಿಸಲಿ, ಅದರ ಬೆಲೆಯನ್ನೂ ಅವಳೇ ತೆರಲಿ.